ಅಂಚು ಕತ್ತರಿಸಬಾರದು

ಹೋದ ಸೋಮವಾರದಿಂದ ನಾನು ನೆಮ್ಮದಿಯಾಗಿ ಉಸಿರಾಡುತ್ತಿದ್ದೇನೆ. ಇದು ನನಗಿಂತ ಮೊದಲು ಬೇರೆಯವರಿಗೆ ಗೊತ್ತಾಗಿದೆ. ಪಕ್ಕದ ಜೆರಾಕ್ಸ್ ಅಂಗಡಿಯವನು ಬಂದು, "ಏನಕ್ಕಾ, ಈ ವಾರ ಬೈಗುಳನೇ ಇಲ್ಲ, ಮೈಗೆ ಹುಷಾರಿಲ್ಲೇನು?" ಎಂದು ಕೇಳಿದ. ಹುಷಾರಾಗಿಯೇ ಇದ್ದೇನೆ. ನಾಲ್ಕು ವರ್ಷದಿಂದ ಎದೆಯ ಮೇಲೆ ಹೊತ್ತುಕೊಂಡಿದ್ದೊಂದು ಇಳಿದಿದೆ, ಅಷ್ಟೆ. ಅದೇನೆಂದು ಹೇಳಬೇಕಾದರೆ ಮೂರು ತಿಂಗಳ ಹಿಂದೆ ಜಗಳೂರಿನಲ್ಲಿ ತೀರಿಕೊಂಡ ಒಬ್ಬರ ವಿಷಯ ಹೇಳಬೇಕು.

ಅವರ ಹೆಸರು ಬರೆಯುವುದಿಲ್ಲ. ಒಂದು ದಿನ ನಾನೇ, ನಿಮ್ಮ ಬಗ್ಗೆ ಯಾರಾದರೂ ಬರೆಯಬೇಕು ಸಾರ್ ಎಂದಿದ್ದೆ. "ಬರೆದ್ರೆ ನನ್ನ ಹೆಸ್ರು ಹಾಕ್ಬ್ಯಾಡವ್ವಾ. ನಾನು ಇನ್ನೊಬ್ರ ಹೆಸ್ರು ಬರ್ಯಾನು" ಎಂದಿದ್ದರು. ಆಗ ನಕ್ಕಿದ್ದೆ. ಅವರ ಸಹಿಯೂ ಹಾಗೇ ಇತ್ತು, ಒಂದು ಸುರುಳಿ, ಎರಡು ಗೀಟು. ಬ್ಯಾಂಕಿನವರಿಗೂ ಓದಲು ಬರುತ್ತಿರಲಿಲ್ಲ.

ಚನ್ನಗಿರಿಯಲ್ಲಿ ನನ್ನದು ಬೈಂಡಿಂಗ್ ಅಂಗಡಿ. ಅಪ್ಪ ನಡೆಸಿದ್ದು, ಈಗ ನಾನು ನಡೆಸುತ್ತಿದ್ದೇನೆ. ಕಚೇರಿಗಳ ರಿಜಿಸ್ಟರು, ಶಾಲೆಗಳ ಹಾಜರಿ ಪುಸ್ತಕ, ವಕೀಲರ ಹಳೇ ಕಡತ, ಅಜ್ಜಿಯರ ಪುರಾಣದ ಪುಸ್ತಕ ಇವೆಲ್ಲ ನನ್ನ ಕೈಯಲ್ಲಿ ಹಾದುಹೋಗುತ್ತವೆ. ಬಾಯಿ ನನ್ನದು ಸ್ವಲ್ಪ ಜೋರು, ಒಪ್ಪಿಕೊಳ್ಳುತ್ತೇನೆ. ಹೆಂಗಸು ಒಬ್ಬಳೇ ಅಂಗಡಿ ನಡೆಸಬೇಕಾದರೆ ಬಾಯಿ ಜೋರಿರಬೇಕು ಎಂದು ಅಪ್ಪನೇ ಹೇಳಿಕೊಟ್ಟದ್ದು. ಅಪ್ಪ ಹೇಳಿಕೊಟ್ಟ ಇನ್ನೊಂದು ವಿಷಯ, ಪುಸ್ತಕದ ಮೂರು ಅಂಚೂ ಕಟಿಂಗ್ ಮಿಷನ್ನಿಗೆ ಕೊಟ್ಟು ನೀಟಾಗಿ ಸವರದೆ ಗಿರಾಕಿಯ ಕೈಗೆ ಕೊಡಬಾರದು ಎಂಬುದು. ಅಂಚು ಸವರಿದ ಪುಸ್ತಕವನ್ನು ಅಪ್ಪ ಕೆನ್ನೆಗೆ ತಾಗಿಸಿ ನೋಡುತ್ತಿದ್ದರು.

ಅವರು ಮೊದಲ ಸಲ ಬಂದಾಗ ಅರವತ್ತು ದಾಟಿತ್ತು. ಇಸ್ತ್ರಿ ಮಾಡಿದ ಶರ್ಟು, ಜೇಬಿನಲ್ಲಿ ಕ್ಯಾಪು ಹಾಕಿದ ಪೆನ್ಸಿಲ್ಲು, ಕೈಯಲ್ಲಿ ಬೆನ್ನು ಬಿಟ್ಟ ಇಂಗ್ಲಿಷ್ ಪುಸ್ತಕ, ಅದರ ಮೇಲೆ ವಿಮಾನದ ಚಿತ್ರ. ಪುಸ್ತಕ ಕೊಡುವ ಮೊದಲು ತಲೆ ಎತ್ತಿ ನನ್ನ ಫ್ಯಾನನ್ನು ಒಂದು ನಿಮಿಷ ನೋಡಿದರು. ಅದರ ಒಂದು ಬೋಲ್ಟು ಸಡಿಲ ಆಗಿದೆ, ಸ್ಟೂಲ್ ಇದೆಯೇ ಎಂದು ಕೇಳಿದರು. ನನಗೆ ಉರಿದುಹೋಯಿತು. ಪುಸ್ತಕ ಬೈಂಡ್ ಮಾಡಿಸಲು ಬಂದಿರೋ ಫ್ಯಾನ್ ರಿಪೇರಿಗೆ ಬಂದಿರೋ ಎಂದೆ. ಅವರು ಸ್ಟೂಲ್ ತಾವೇ ಎಳೆದುಕೊಂಡು ಹತ್ತಿ ಬಿಗಿ ಮಾಡಿ ಇಳಿದರು. ಆರು ವರ್ಷದಿಂದ ಕಟಕಟ ಎನ್ನುತ್ತಿದ್ದ ಫ್ಯಾನು ಬಾಯಿ ಮುಚ್ಚಿತು. ನಾನೂ ಮುಚ್ಚಿದೆ.

ನಲ್ಲೂರಿನಲ್ಲಿ ತಮ್ಮನ ಸಂಸಾರದ ಜೊತೆ ಇದ್ದರು. ಹೆಂಡತಿ ತೀರಿಹೋಗಿದ್ದರು, ಒಬ್ಬಳೇ ಮಗಳು ಜಗಳೂರಿನಲ್ಲಿ ನರ್ಸು. ಊರಲ್ಲಿ ಎಲ್ಲರೂ ಏರ್‌ಫೋರ್ಸ್ ಸಾರ್ ಎನ್ನುತ್ತಿದ್ದರು. ವಾಯುಪಡೆ ಎಂದ ಮೇಲೆ ವಿಮಾನ ಹಾರಿಸಿದವರೇ ಇರಬೇಕೆಂದು ಜನ ತಾವೇ ತೀರ್ಮಾನ ಮಾಡಿಕೊಂಡಿದ್ದರು. ಒಮ್ಮೆ ಕತ್ತಲಗೆರೆಯ ಶಾಲೆಯೊಂದಕ್ಕೆ ಬಾವುಟ ಹಾರಿಸಲು ಕರೆದು, ಆಕಾಶದಲ್ಲಿ ಶತ್ರುಗಳನ್ನು ಅಟ್ಟಾಡಿಸಿದ ವೀರರು ಎಂದು ಹೆಡ್‌ಮಾಸ್ಟರು ಹತ್ತು ನಿಮಿಷ ಹೊಗಳಿದರಂತೆ. ಇವರು ಮೈಕ್ ಹಿಡಿದು ಹೇಳಿದ್ದು ಎರಡೇ ಮಾತು: "ನಾನು ವಿಮಾನ ಹಾರ್ಸಿಲ್ಲ ಮಕ್ಳಾ. ಹಾರ್ಸಾಕೆ ಹೋದೋರು ವಾಪಸ್ ಬರಂಗೆ ನೋಡ್ಕಂಡೀನಿ." ಒಂದು ಹುಡುಗಿ, ನೀವು ಒಂದು ಸಲಾನೂ ವಿಮಾನದಲ್ಲಿ ಕೂತಿಲ್ವಾ ಎಂದು ಕೇಳಿದಳಂತೆ. ಸರಕು ಸಾಗಿಸುವ ವಿಮಾನದಲ್ಲಿ ಕೂತಿದ್ದೆ, ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡೆ ಎಂದರಂತೆ. ಹೆಡ್‌ಮಾಸ್ಟರು ಮತ್ತೆ ಅವರನ್ನು ಕರೆಯಲಿಲ್ಲ.

ಅವರು ಮೆಕ್ಯಾನಿಕ್. ಇಪ್ಪತ್ತು ವರ್ಷಕ್ಕೂ ಮೇಲೆ ಯುದ್ಧವಿಮಾನಗಳ ಎಂಜಿನ್ನಿನ ಕೆಳಗೆ ಮಲಗಿ ಎದ್ದವರು. ಆ ಅಭ್ಯಾಸ ಮೈಯಿಂದ ಹೋಗಿರಲಿಲ್ಲ. ಬಸ್ಸು ಹತ್ತುವ ಮೊದಲು ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಪ್ರತಿ ಚಕ್ರವನ್ನೂ ಕೈಯಿಂದ ತಟ್ಟಿ ನೋಡಿ, ಬಗ್ಗಿ ಕೆಳಗೆ ಇಣುಕಿ ಆಮೇಲೆ ಹತ್ತುತ್ತಿದ್ದರು. ಕಂಡಕ್ಟರುಗಳು ರೇಗುತ್ತಿದ್ದರು. ಒಮ್ಮೆ ಹೊನ್ನಾಳಿಯಲ್ಲಿ, ಸೂರಗೊಂಡನಕೊಪ್ಪದ ಜಾತ್ರೆಗೆ ಹೊರಟ ಮಾಲೆಧಾರಿಗಳು ತುಂಬಿದ್ದ ಬಸ್ಸು. ಇವರು ಹಿಂದಿನ ಚಕ್ರ ತಟ್ಟಿ, ಇದು ಹೋಗುವ ಹಾಗಿಲ್ಲ ಎಂದು ಬಸ್ಸಿನ ಮುಂದೆ ನಿಂತುಬಿಟ್ಟರಂತೆ. ಜನ ಬಾಯಿಗೆ ಬಂದಂತೆ ಬೈದರು. ಡ್ರೈವರು ಸಿಟ್ಟಿನಿಂದ ಇಳಿದು ನೋಡಿದರೆ ನಟ್ಟುಗಳು ಕೈಯಲ್ಲಿ ತಿರುಗುತ್ತಿದ್ದವು. ಆಮೇಲೆ ನ್ಯಾಮತಿ ತನಕ ಅವರಿಗೆ ಕಿಟಕಿ ಪಕ್ಕದ ಸೀಟು. ಇದನ್ನು ಅವರು ನನಗೆ ಹೇಳಲಿಲ್ಲ, ಆ ಬಸ್ಸಿನಲ್ಲಿದ್ದ ನನ್ನ ಚಿಕ್ಕಮ್ಮ ಹೇಳಿದ್ದು.

ಹೊನ್ನಾಳಿ, ನ್ಯಾಮತಿ ಎಂದು ತಿರುಗುತ್ತಿದ್ದುದು ಪುಸ್ತಕಕ್ಕಾಗಿ. ರದ್ದಿ ಅಂಗಡಿ, ಮನೆ ಖಾಲಿ ಮಾಡುವ ಮೇಷ್ಟರು, ಯಾರು ಏನು ಕೊಟ್ಟರೂ ಸರಿ, ಅದರಲ್ಲಿ ವಿಮಾನ ಇರಬೇಕು. ಹಾರಾಟದ ಪುಸ್ತಕ, ವಾಯುಪಡೆಯವರ ಪುಸ್ತಕ, ಅದೊಂದೇ ಅವರ ಹುಚ್ಚು. ಸಿಕ್ಕಿದ್ದೆಲ್ಲ ಹರಕು ಮುರುಕು, ಹಾಗಾಗಿ ನನ್ನ ಅಂಗಡಿಗೆ ಬರುತ್ತಿದ್ದವು. ಪ್ರತಿ ಪುಸ್ತಕಕ್ಕೂ ಒಂದು ಚೀಟಿ ಪಿನ್ನು ಮಾಡಿರುತ್ತಿದ್ದರು. ಬೆನ್ನು ಬಿಟ್ಟಿದೆ, ನಲವತ್ತೊಂದನೇ ಪುಟ ಹರಿದಿದೆ, ರಟ್ಟು ದಪ್ಪ ಬೇಡ, ಹೀಗೆ ಆಸ್ಪತ್ರೆಯ ಚೀಟಿಯಂತೆ ಉದ್ದಕ್ಕೆ. ಜೊತೆಗೆ ನನ್ನ ಅಂಗಡಿಗೆಂದೇ ಒಂದು ನೋಟ್‌ಪುಸ್ತಕ ತಂದಿಟ್ಟರು. ಅದರಲ್ಲಿ ಎರಡು ಕಾಲಂ: ಕೆಲಸ ಮಾಡಿದವರು, ಪರಿಶೀಲಿಸಿದವರು. ನಾನು ಬೈಂಡ್ ಮಾಡಿ ಸಹಿ ಹಾಕಬೇಕು, ಅವರು ಪುಟಪುಟ ತಿರುವಿ ನೋಡಿ ಸಹಿ ಹಾಕುತ್ತಿದ್ದರು. ಎರಡು ಸಹಿ ಬೀಳದೆ ವಿಮಾನ ನೆಲ ಬಿಡುತ್ತಿರಲಿಲ್ಲವಂತೆ. ಇದು ವಿಮಾನ ಅಲ್ಲ ಸಾರ್, ಪುಸ್ತಕ ಎಂದು ನಾನು ಎಷ್ಟು ಸಲ ಗೊಣಗಿದೆನೋ. ಚೀಟಿಗಳನ್ನಂತೂ ಓದುವುದನ್ನೇ ಬಿಟ್ಟಿದ್ದೆ. ಬೈಂಡಿಂಗ್ ಮೂವತ್ತು ವರ್ಷದಿಂದ ಮಾಡುತ್ತಿರುವವಳು ನಾನು, ಇವರೇನು ಹೇಳಿಕೊಡುವುದು ಎಂಬ ಜಂಬ.

ಒಂದು ದಿನ ಬಂದು ನನ್ನ ಗೋಡೆಗೆ ಪ್ಲೈವುಡ್ ಹಲಗೆ ಹೊಡೆದು, ನನ್ನ ಕತ್ತರಿ, ದಬ್ಬಣ, ಸುತ್ತಿಗೆ, ಸ್ಕೇಲು ಒಂದೊಂದನ್ನೂ ಅದರ ಮೇಲಿಟ್ಟು ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು, ಒಳಗೆ ಕೆಂಪು ಬಣ್ಣ ಬಳಿದರು. ಸಾಮಾನು ಮೊಳೆಗೆ ನೇತುಹಾಕಿದರೆ ಕೆಂಪು ಮುಚ್ಚಿಹೋಗುತ್ತದೆ. ಒಂದು ಕಾಣೆಯಾದರೂ ಅದರ ಆಕಾರದಲ್ಲೇ ಕೆಂಪಗೆ ಕಾಣುತ್ತದೆ. ಗೋಡೆ ಹಾಳು ಮಾಡಿದಿರಿ ಎಂದು ಜಗಳ ಆಡಿದೆ. ಈಗ ಆ ಹಲಗೆ ಇಲ್ಲದೆ ನನಗೆ ಕೈಯೇ ಓಡುವುದಿಲ್ಲ.

ಅಂಟು ಒಣಗುವ ತನಕ ಕೂತು ಪುಸ್ತಕಗಳ ಕತೆ ಹೇಳುತ್ತಿದ್ದರು. ನನಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಆ ಪುಸ್ತಕಗಳೆಲ್ಲ ನನಗೆ ಗೊತ್ತಿರುವುದು ಅವರ ಬಾಯಲ್ಲಿ. ವಿಮಾನದ ಪುಸ್ತಕ ಒಳ್ಳೆಯದೋ ಕೆಟ್ಟದ್ದೋ ಎಂದು ಅಳೆಯಲು ಅವರದೇ ಒಂದು ಲೆಕ್ಕ ಇತ್ತು. ಮೊದಲ ಮೆಕ್ಯಾನಿಕ್ ಎಷ್ಟನೇ ಪುಟದಲ್ಲಿ ಬರುತ್ತಾನೆ, ಬಂದರೆ ಅವನಿಗೆ ಹೆಸರಿದೆಯೇ? ಒಂದು ಭಾರೀ ಪುಸ್ತಕವನ್ನು ಇನ್ನೂರು ಪುಟ ಓದಿ ಮುಚ್ಚಿಟ್ಟು, "ಇದ್ರಾಗೆ ಮೋಡ ಜಾಸ್ತಿ, ಎಣ್ಣೆ ಕಮ್ಮಿ" ಎಂದರು. ಹಿಮದ ಬೆಟ್ಟಗಳಿಗೆ ಹೆಲಿಕಾಪ್ಟರಿನಲ್ಲಿ ಅಕ್ಕಿ, ಸೀಮೆಎಣ್ಣೆ ಸಾಗಿಸಿದವರೊಬ್ಬರ ಸಣ್ಣ ಪುಸ್ತಕ ಅವರಿಗೆ ಬಹಳ ಇಷ್ಟ. ಎಂಜಿನ್ ತಣ್ಣಗಾಗದಿರಲಿ ಎಂದು ಮೆಕ್ಯಾನಿಕ್ಕುಗಳು ತಮ್ಮ ಕಂಬಳಿ ತೆಗೆದು ಅದಕ್ಕೆ ಹೊದಿಸಿದ್ದನ್ನು ಆತ ಮೂರನೇ ಪುಟದಲ್ಲೇ ಬರೆದಿದ್ದನಂತೆ. ಒಬ್ಬಳೇ ಸಮುದ್ರದ ಮೇಲೆ ಸರಕಿನ ವಿಮಾನ ಹಾರಿಸಿದ ಹೆಂಗಸಿನ ಪುಸ್ತಕವನ್ನು ನನಗಾಗಿಯೇ ಎರಡು ದಿನ ಓದಿ ಹೇಳಿದರು. ಅವಳು ಎಣ್ಣೆ ಮಟ್ಟ ತಾನೇ ನೋಡಿ, ಕೈ ಒರೆಸಿಕೊಂಡು ಹತ್ತುತ್ತಿದ್ದಳಂತೆ, ಅದಕ್ಕೇ ಅವಳು ನಮ್ಮವಳು ಎನ್ನುತ್ತಿದ್ದರು. ಇನ್ನೊಂದು ದೊಡ್ಡ ಫೋಟೋ ಪುಸ್ತಕ. ವಿಮಾನದ ಮುಂದೆ ಅಧಿಕಾರಿಗಳು ಸಾಲಾಗಿ ನಿಂತಿದ್ದಾರೆ, ಕೆಳಗೆ ಎಲ್ಲರ ಹೆಸರು. ಹಿಂದೆ ರೆಕ್ಕೆಯ ಅಡಿಯಲ್ಲಿ ಇಬ್ಬರು ಬಗ್ಗಿ ಏನೋ ಬಿಗಿಯುತ್ತಿದ್ದಾರೆ. ಅವರ ಹೆಸರಿಲ್ಲ. ಅದನ್ನು ಭೂತಗನ್ನಡಿ ಹಿಡಿದು ಅರ್ಧ ಗಂಟೆ ನೋಡುತ್ತಿದ್ದರು.

ಎಲ್ಲಕ್ಕಿಂತ ಮೇಲೆ ಇಟ್ಟಿದ್ದು ಒಂದು ಪುಸ್ತಕವನ್ನು. ಅವರು ಕೆಲಸ ಮಾಡಿದ ನೆಲೆಯಿಂದಲೇ ಹಾರಿದ ಪೈಲಟ್ ಒಬ್ಬರು ನಿವೃತ್ತರಾದ ಮೇಲೆ ಬರೆದದ್ದು. ಸುಳ್ಳಿಲ್ಲ, ಬಡಾಯಿ ಇಲ್ಲ, ಹೆದರಿದ್ದನ್ನು ಹೆದರಿದೆ ಎಂದೇ ಬರೆದಿದ್ದಾರೆ ಎನ್ನುತ್ತಿದ್ದರು. ಅದನ್ನು ಮಾತ್ರ ಎರಡು ವರ್ಷ ನನಗೆ ತೋರಿಸಲೇ ಇಲ್ಲ. ಅದರಲ್ಲಿ ಬರುವ ಒಂದು ಸಾಲಿನ ಕತೆ ಮಾತ್ರ ಹೇಳಿದ್ದರು.

ಒಂದು ಬೆಳಿಗ್ಗೆ ಆ ಪೈಲಟ್ ಹೊರಡಬೇಕಿತ್ತು. ವಿಮಾನ ಸಿದ್ಧ, ಸಹಿ ಎರಡೂ ಬಿದ್ದಿವೆ. ಇವರ ಗುಂಪಿನಲ್ಲಿ ಒಬ್ಬ ಕಾರ್ಪೊರಲ್, ಎಲ್ಲರಿಗೂ ಕಾಗದ ಬರೆದುಕೊಡುತ್ತಿದ್ದುದರಿಂದ ಮುನ್ಷಿ ಎಂದು ಅಡ್ಡಹೆಸರು. ಆತ ಸಾಮಾನು ನೇತುಹಾಕುವ ಹಲಗೆ, ನನ್ನ ಗೋಡೆಯ ಮೇಲಿರುವಂಥದ್ದೇ, ನೋಡಿದರೆ ಒಂದು ಸಣ್ಣ ಸ್ಕ್ರೂಡ್ರೈವರ್ ಇಲ್ಲ. ಆ ತಿಂಗಳು ಆತನಿಗೆ ಬಡ್ತಿ ಬರಬೇಕಿತ್ತು. ಬಜಾರಿನಿಂದ ಅಂಥದ್ದೇ ಒಂದು ತಂದು ನೇತುಹಾಕಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆತ ಓಡಿಹೋಗಿ ವಿಮಾನದ ಮುಂದೆ ಎರಡೂ ಕೈ ಎತ್ತಿ ನಿಂತ. ಪೈಲಟ್ ಇಳಿದರು, ಸೀಟು ಬಿಚ್ಚಿದರು. ಸ್ಕ್ರೂಡ್ರೈವರ್ ವಿಮಾನ ತಿರುಗಿಸುವ ಸರಳಿನ ಪಕ್ಕದಲ್ಲೇ ಬಿದ್ದಿತ್ತು. ಮೇಲೆ ಹೋಗಿ ಒಂದು ಮಗ್ಗುಲಾಗಿದ್ದರೆ ಸರಳು ಸಿಕ್ಕಿಕೊಳ್ಳುತ್ತಿತ್ತು, ಪೈಲಟ್ ಉಳಿಯುತ್ತಿರಲಿಲ್ಲ.

ಮುನ್ಷಿಗೆ ಏನು ಶಿಕ್ಷೆ ಆಯಿತು ಎಂದು ಕೇಳಿದೆ. ತಾನೇ ಬಂದು ಹೇಳಿದವರಿಗೆ ಶಿಕ್ಷೆ ಇಲ್ಲ, ಅದು ನಮ್ಮಲ್ಲಿ ಪದ್ಧತಿ ಎಂದರು. ಶಿಕ್ಷೆ ಕೊಟ್ಟರೆ ಮುಂದಿನವನು ಹೇಳುವುದಿಲ್ಲವಲ್ಲ. ಆ ಪುಸ್ತಕದಲ್ಲಿ ಈ ಬೆಳಗಿನ ಬಗ್ಗೆ ಇರುವುದು ಒಂದೇ ಸಾಲು: ಅಂದು ತಾಂತ್ರಿಕ ಕಾರಣದಿಂದ ಹೊರಡುವುದು ಸ್ವಲ್ಪ ತಡವಾಯಿತು. ಪೈಲಟ್ಟರ ಮೇಲೆ ಅವರಿಗೆ ಸಿಟ್ಟಿರಲಿಲ್ಲ. ಎಲ್ಲರ ಹೆಸರು ಅವರಿಗೆ ಹೇಗೆ ನೆನಪಿರಬೇಕು ಎಂದು ಅವರ ಪರವಾಗಿಯೇ ಮಾತಾಡಿದರು.

ಆ ಪುಸ್ತಕ ನನ್ನ ಕೈಗೆ ಬಂದದ್ದು ಮಾರ್ಚಿನಲ್ಲಿ. ನಮ್ಮ ಕಸುಬಿನವರಿಗೆ ಮಾರ್ಚ್ ಅಂದರೆ ಊಟಕ್ಕೂ ಪುರುಸೊತ್ತಿಲ್ಲ, ಎಲ್ಲ ಕಚೇರಿಯ ರಿಜಿಸ್ಟರೂ ಒಟ್ಟಿಗೇ ಬಂದು ಬೀಳುತ್ತವೆ. ಅವರು ಬಂದು, ಬಟ್ಟೆಯಲ್ಲಿ ಸುತ್ತಿದ್ದನ್ನು ಬಿಚ್ಚಿ, ಇದು ನಿನ್ನ ಕೈಗೆ ಕೊಡುತ್ತಿದ್ದೇನೆ ಎಂದು ಹೇಳಿ ಹೋದರು. ಯಾವ ಪುಸ್ತಕ ಎಂದೂ ನಾನು ನೋಡಲಿಲ್ಲ. ಚೀಟಿ ಇತ್ತು. ಕಿತ್ತು ಪಕ್ಕಕ್ಕೆ ಎಸೆದೆ. ಸಂಜೆ ರಿಜಿಸ್ಟರುಗಳ ಜೊತೆ ಅದನ್ನೂ ಹೊಲಿದು ಮಿಷನ್ನಿಗೆ ಕೊಟ್ಟೆ. ಅಂಚು ಚಿಂದಿಚಿಂದಿ ಆಗಿತ್ತು, ಅರ್ಧ ಇಂಚು ಜಾಸ್ತಿಯೇ ಸವರಿದೆ. ಮಾರನೇ ದಿನ ಬೆಳಿಗ್ಗೆ ರದ್ದಿಯವನು ಬಂದು ಕಟಿಂಗ್ ಚೂರಿನ ಚೀಲ ಹೊತ್ತುಕೊಂಡು ಹೋದ. ಅವನು ಹೋದ ಮೇಲೆ ರಟ್ಟು ಅಂಟಿಸಲು ಕೂತೆ.

ಪುಟ ತೆರೆದರೆ ಅಂಚಿನಲ್ಲಿ ಪೆನ್ಸಿಲಿನ ಅಕ್ಷರ, ಅರ್ಧರ್ಧ. ಇನ್ನೊಂದು ಪುಟ, ಅಲ್ಲೂ ಅರ್ಧ ಅಕ್ಷರ. ಕನ್ನಡ ಅಕ್ಷರ, ಅವರದೇ ಕೈಬರಹ. ಎಸೆದಿದ್ದ ಚೀಟಿಯನ್ನು ಅಂಟಿನ ಡಬ್ಬದ ಅಡಿಯಿಂದ ಹುಡುಕಿ ತೆಗೆದೆ. ಅದರಲ್ಲಿ ಎರಡೇ ಪದ, ಕೆಳಗೆ ಎರಡು ಸಲ ಗೀಟು: ಅಂಚು ಕತ್ತರಿಸಬಾರದು.

ರದ್ದಿಯವನ ಹಿಂದೆ ಓಡಿದೆ. ಅವನ ಗಾಡಿ ಆಗಲೇ ಊರು ಬಿಟ್ಟಿತ್ತು. ವಾಪಸ್ ಬಂದು ಕೂತು, ನನಗೆ ಬರುವಷ್ಟು ಇಂಗ್ಲಿಷಿನಲ್ಲೇ ಆ ಪುಸ್ತಕವನ್ನು ಮೊದಲಿಂದ ತಿರುವಿದೆ. ಪೈಲಟ್ ಎಲ್ಲೆಲ್ಲಿ ತನ್ನ ವಿಮಾನ ಸಿದ್ಧವಿತ್ತು ಎಂದು ಬರೆದಿದ್ದಾರೋ ಅಲ್ಲೆಲ್ಲ ಪಕ್ಕದಲ್ಲಿ ನಮ್ಮ ಸಾರ್ ಆ ದಿನ ಅದನ್ನು ಸಿದ್ಧ ಮಾಡಿದವರ ಹೆಸರು ಬರೆದುಕೊಂಡಿದ್ದಾರೆ. ಬೇರೆ ಯಾವ ಪುಸ್ತಕದಲ್ಲೂ ಇಲ್ಲದ ಹೆಸರುಗಳು. ನಾನು ಅವುಗಳನ್ನು ಸವರಿ ಚೀಲಕ್ಕೆ ತುಂಬಿ ಕಳಿಸಿದ್ದೆ.

ಅವರು ಬಂದ ದಿನ ಹೇಳಬೇಕೆಂದೇ ಇದ್ದೆ. ಅವರ ಮುಖ ನೋಡಿದ ಕೂಡಲೇ ಹೆದರಿಬಿಟ್ಟೆ. ಪುಸ್ತಕವನ್ನು ಆಗಲೇ ಪೇಪರಿನಲ್ಲಿ ಸುತ್ತಿ ದಾರ ಕಟ್ಟಿಟ್ಟಿದ್ದೆ. ಬೆನ್ನಿನ ಅಂಟು ಒಣಗಿಲ್ಲ ಸಾರ್, ನಾನು ಹೇಳುವ ತನಕ ಬಿಚ್ಚಬೇಡಿ ಎಂದುಬಿಟ್ಟೆ. ಹಸಿ ಹಸಿ ಸುಳ್ಳು. ಅವರು ನೋಟ್‌ಪುಸ್ತಕ ತೆಗೆದು, ಪರಿಶೀಲಿಸಿದವರು ಎಂಬ ಕಡೆ ಸಹಿ ಹಾಕಿದರು. ಒಂದು ಪುಟವನ್ನೂ ನೋಡದೆ, ನನ್ನ ಮಾತಿನ ಮೇಲೆ.

ಇವತ್ತು ಬಿಚ್ಚುತ್ತಾರೆ, ನಾಳೆ ಬಂದು ಕೇಳುತ್ತಾರೆ ಎಂದು ಕಾದೆ. ಒಂದು ವಾರ ಆಯಿತು, ಎರಡು ವಾರ ಆಯಿತು. ಅವರು ಬರಲಿಲ್ಲ. ನೋಡಿ ಮನಸ್ಸು ಮುರಿದು ಸುಮ್ಮನಾಗಿದ್ದಾರೆ ಎಂದುಕೊಂಡೆ. ಗೋಡೆಯ ಹಲಗೆ ನೋಡಿದಾಗಲೆಲ್ಲ ಮುನ್ಷಿ ಎರಡು ಕೈ ಎತ್ತಿ ನಿಂತ ಹಾಗೆ ಕಾಣುತ್ತಿತ್ತು. ಇಪ್ಪತ್ತನೇ ದಿನ ಅಂಗಡಿಗೆ ಬೀಗ ಹಾಕಿ ನಲ್ಲೂರಿನ ಬಸ್ಸು ಹತ್ತಿದೆ.

ಅವರು ಜಗಲಿಯಲ್ಲಿ ಕೂತು ತಮ್ಮನ ಮಿಕ್ಸಿ ಬಿಚ್ಚಿಟ್ಟುಕೊಂಡಿದ್ದರು. ಜ್ವರ ಬಂದಿತ್ತು, ಅದಕ್ಕೇ ಚನ್ನಗಿರಿ ಕಡೆ ಬರಲಿಲ್ಲ ಎಂದರು. ಒಳಗೆ ಕಪಾಟಿನಲ್ಲಿ ಪುಸ್ತಕ ನಾನು ಕಟ್ಟಿದ ದಾರದಲ್ಲೇ ಇತ್ತು. ಅದಕ್ಕೆ ಕೆಂಪು ಬಟ್ಟೆಯ ಒಂದು ಪಟ್ಟಿ ಕಟ್ಟಿ, ಮುಟ್ಟಬಾರದು ಎಂದು ಬರೆದು ನೇತುಹಾಕಿದ್ದರು. ಇಪ್ಪತ್ತು ದಿನವಾದರೂ ಬಿಚ್ಚಿಲ್ಲವಲ್ಲ ಸಾರ್ ಎಂದೆ. "ಒಣಗೈತೆ ಅಂತ ನೀನು ಹೇಳಿಲ್ಲವಲ್ಲವ್ವಾ" ಎಂದರು.

ನನಗೆ ಅಳು ಬಂತು. ನಿಂತಲ್ಲೇ ಎಲ್ಲ ಹೇಳಿದೆ. ಚೀಟಿ ಓದದೆ ಎಸೆದದ್ದು, ಅಂಚು ಸವರಿದ್ದು, ಚೂರು ರದ್ದಿಗೆ ಹೋದದ್ದು, ಅಂಟು ಒಣಗಿಲ್ಲ ಎಂದ ಸುಳ್ಳು. ಅವರು ಕೈ ತೊಳೆದುಕೊಂಡು ಬಂದು ದಾರ ಬಿಚ್ಚಿದರು. ಒಂದೊಂದೇ ಪುಟ ತಿರುವಿದರು. ಬೆರಳು ಅಂಚಿನ ಮೇಲೆ ಅಲ್ಲಲ್ಲಿ ನಿಲ್ಲುತ್ತಿತ್ತು. ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ. ಪುಸ್ತಕ ಮುಚ್ಚಿದ ಮೇಲೆ ಹೇಳಿದರು:

"ತಪ್ಪು ಎರಡು ಐತೆ. ಅಂಚು ಕತ್ತರ್ಸಿದ್ದು ಒಂದು, ಅದಕ್ಕೆ ನಂಗೆ ಹೊಟ್ಟೆ ಉರೀತೈತೆ, ಸುಳ್ಳು ಹೇಳಲ್ಲ. ಒಣಗಿಲ್ಲ ಅಂದಿದ್ದು ಇನ್ನೊಂದು. ಅದನ್ನ ನೀನೇ ಬಂದು ಹೇಳಿದ್ದಿ, ಅದು ಅಲ್ಲಿಗೆ ಮುಗೀತು. ಕೂತ್ಕ, ಚಾ ಕುಡಿ."

ನಾನು ಕೂತೆ. ಚಹಾ ಬಂತು. ಕುಡಿಯುತ್ತಿರುವಾಗ ಅವರೇ, ಮೂರನೇ ತಪ್ಪು ನನ್ನದು ಎಂದರು. ಮಾರನೇ ವಾರ ಅಂಗಡಿಗೆ ಬಂದವರು ಮೊದಲು ಮಾಡಿದ ಕೆಲಸ ನೋಟ್‌ಪುಸ್ತಕ ತೆರೆದು ತಮ್ಮ ಆ ಸಹಿಯ ಪಕ್ಕದಲ್ಲಿ, ನೋಡದೆ ಸಹಿ ಮಾಡಿದ್ದೇನೆ ಎಂದು ಬರೆದದ್ದು.

ಆಮೇಲೆ ಇಬ್ಬರೂ ಸೇರಿ ದಾರಿ ಹುಡುಕಿದೆವು. ನಾನು ಪುಸ್ತಕವನ್ನು ಪೂರ್ತಿ ಬಿಚ್ಚಿ, ಹೆಸರಿದ್ದ ಪ್ರತಿ ಪುಟದ ಪಕ್ಕಕ್ಕೆ ಒಂದು ಖಾಲಿ ಹಾಳೆ ಸೇರಿಸಿ ಮತ್ತೆ ಹೊಲಿದೆ. ಮಿಷನ್ನಿನ ಹತ್ತಿರ ಸುಳಿಯಲಿಲ್ಲ. ಅವರು ಗುರುವಾರ ಗುರುವಾರ ಹತ್ತು ಗಂಟೆ ಬಸ್ಸಿಗೆ ಬಂದು ನನ್ನ ಮೇಜಿನ ಮೂಲೆಯಲ್ಲಿ ಕೂತು ಪೆನ್ಸಿಲಿನಲ್ಲಿ ಬರೆದರು. ಉಳಿದ ಅರ್ಧ ಅಕ್ಷರ ನೋಡಿ ಹೆಸರು ನೆನಪಿಸಿಕೊಳ್ಳುತ್ತಿದ್ದರು. ಜೋಸೆಫ್, ಟೈರು ನೋಡುವವನು, ಹಾಡುಗಾರ. ಗುರ್ಬಚನ್, ಊರಿಂದ ಬಂದ ಬೆಲ್ಲ ಎಲ್ಲರಿಗೂ ಹಂಚುವವನು. ಸುಬ್ಬಯ್ಯ, ರಫೀಕ್, ಒಂದೊಂದು ಹೆಸರಿಗೂ ಒಂದೊಂದು ಕತೆ. ಆ ಹಾಳೆಗಳಲ್ಲಿ ಜಾಗ ಜಾಸ್ತಿ ಇತ್ತಲ್ಲ, ಅಂಚಿನಲ್ಲಿ ಹಿಡಿಯದೆ ಇದ್ದದ್ದನ್ನೂ ಬರೆದರು. ನೀನು ಕತ್ತರಿಸಿದ್ದು ಒಳ್ಳೆಯದೇ ಆಯಿತು ಎಂದು ಒಮ್ಮೆ ನಕ್ಕರು. ನನಗೆ ನಗು ಬರಲಿಲ್ಲ. ಯಾಕೆಂದರೆ ಒಂದು ಹಾಳೆ ಖಾಲಿಯೇ ಉಳಿದಿತ್ತು.

ಅದು ಮುನ್ಷಿಯ ಹಾಳೆ. ಆ ಹೆಸರನ್ನು ಪುಟದ ತೀರಾ ಅಂಚಿಗೆ ಬರೆದಿದ್ದರು, ಒಂದು ಗೀಟೂ ಉಳಿದಿರಲಿಲ್ಲ. ವರ್ಷಗಟ್ಟಲೆ ಎಲ್ಲರೂ ಅಡ್ಡಹೆಸರಲ್ಲೇ ಕರೆದು ಕರೆದು ನಿಜವಾದ ಹೆಸರು ಮರೆತುಹೋಗಿ, ಆ ಅಂಚಿನಲ್ಲಿ ಮಾತ್ರ ಉಳಿದಿತ್ತು. ಅಕ್ಷರಮಾಲೆಯನ್ನು ಮೊದಲಿಂದ ಕೊನೆ ತನಕ ಹೇಳಿಕೊಂಡು ನೋಡಿದರು. ಹಳೇ ಸಂಗಾತಿಗಳಿಗೆ ಫೋನ್ ಮಾಡಿದರು. ಕೆಲವು ನಂಬರು ಇರಲಿಲ್ಲ, ಕೆಲವರು ಇರಲಿಲ್ಲ, ಇದ್ದವರಿಗೂ ಮುನ್ಷಿ ಎಂದೇ ಗೊತ್ತು. ಮುನ್ಷಿ ಎಂದೇ ಬರೆಯಿರಿ ಸಾರ್ ಎಂದೆ, ತಡೆಯಲಾರದೆ.

"ಬ್ಯಾಡ" ಎಂದರು. "ಅವ್ನು ತಪ್ಪು ಒಪ್ಕಂಡಾಗ ಅಡ್ಡಹೆಸ್ರು ಹೇಳಿ ಒಪ್ಕಳಲಿಲ್ಲ. ಪೂರ್ತಿ ಹೆಸ್ರು, ನಂಬರು ಹೇಳಿ ಒಪ್ಕಂಡ."

ಮಂಡಿ ನೋವು ಜಾಸ್ತಿಯಾದ ಮೇಲೆ ಮಗಳು ಅವರನ್ನು ಜಗಳೂರಿಗೆ ಕರೆದುಕೊಂಡು ಹೋದಳು. ಪುಸ್ತಕಗಳೂ ಹೋದವು. ತಿಂಗಳಿಗೊಮ್ಮೆ ಫೋನ್ ಮಾಡಿ, ಬಂತಾ ಸಾರ್ ಎಂದು ಕೇಳುತ್ತಿದ್ದೆ. ಇಲ್ಲವ್ವಾ ಎನ್ನುತ್ತಿದ್ದರು. ಆ ಇಲ್ಲವನ್ನು ಕೇಳಲಾಗದೆ ಆಮೇಲೆ ಬೇರೆ ಮಾತಾಡಿ ಇಡುತ್ತಿದ್ದೆ. ತೀರಿಕೊಂಡ ಸುದ್ದಿ ಮಗಳ ಫೋನಿನಲ್ಲೇ ಬಂತು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ನನಗೆ ಮೊದಲು ನೆನಪಾದದ್ದು ಅವರ ಮುಖವಲ್ಲ, ಆ ಖಾಲಿ ಹಾಳೆ. ಇನ್ನು ಅದು ಖಾಲಿಯೇ. ಒಬ್ಬ ಪೈಲಟ್ಟನ ಜೀವ ಉಳಿಸಿದವನ ಹೆಸರನ್ನು ನಾನು ಕೊಂದೆ ಎಂದು ಕೂತು ಅತ್ತೆ. ಅಳು ಮುಗಿದ ಮೇಲೆ ಅವರಿಗಾಗಿ ಬೇರೆ ಅತ್ತೆ.

ಹೋದ ಸೋಮವಾರ ಮಧ್ಯಾಹ್ನ ಮಗಳು ಅಂಗಡಿಗೆ ಬಂದಳು. ಚೀಲದಿಂದ ಬಟ್ಟೆ ಸುತ್ತಿದ ಆ ಪುಸ್ತಕ ತೆಗೆದು ಮೇಜಿನ ಮೇಲಿಟ್ಟಳು. ಅದಕ್ಕೆ ಅವರ ಕೈಬರಹದ ಒಂದು ಚೀಟಿ ಪಿನ್ನು ಮಾಡಿತ್ತು. ಈ ಸಲ ನಾನು ಮೊದಲು ಚೀಟಿ ಓದಿದೆ, ಎರಡು ಸಲ ಓದಿದೆ. ಬೆನ್ನು ಚೆನ್ನಾಗಿದೆ. ಕೆಲಸ ಏನೂ ಇಲ್ಲ. ನೋಡಿ ಸಹಿ ಮಾಡುವುದು.

ಸೀದಾ ಆ ಪುಟಕ್ಕೇ ಹೋದೆ. ತಾಂತ್ರಿಕ ಕಾರಣದಿಂದ ತಡವಾಯಿತು ಎಂಬ ಸಾಲು ಎಲ್ಲಿದೆ ಎಂದು ನನಗೆ ಕಣ್ಣು ಮುಚ್ಚಿದರೂ ಗೊತ್ತು. ಅದರ ಪಕ್ಕದ ಹಾಳೆ ಖಾಲಿ ಇರಲಿಲ್ಲ. ಅಕ್ಷರ ಸ್ವಲ್ಪ ಅಲುಗಿತ್ತು, ಆದರೂ ದೊಡ್ಡದಾಗಿ, ಹಾಳೆಯ ನಟ್ಟನಡುವೆ, ಯಾವ ಕತ್ತರಿಯೂ ಮುಟ್ಟದಷ್ಟು ಒಳಗೆ ಬರೆದಿದ್ದರು: ದೇವಕೀನಂದನ್, ಕಾರ್ಪೊರಲ್. ತಾನೇ ಬಂದು ಹೇಳಿದವರು.

ನಾನು ಅದನ್ನು ಜೋರಾಗಿ ಓದಿದೆ. ಪಕ್ಕದ ಅಂಗಡಿಯವನು ಇಣುಕಿ ನೋಡಿದ. ನೋಡಲಿ ಬಿಡಿ ಎಂದು ಇನ್ನೊಂದು ಸಲ ಓದಿದೆ.

ಹೇಗೆ ನೆನಪಾಯಿತಂತೆ ಎಂದು ಮಗಳನ್ನು ಕೇಳಿದೆ. ತೀರಿಹೋಗುವ ಹದಿನೈದು ದಿನ ಮೊದಲು, ಚನ್ನಗಿರಿಗೆ ಹೋಗಿಬರುತ್ತೇನೆಂದು ಜಗಳೂರಿನ ಬಸ್‌ಸ್ಟ್ಯಾಂಡಿಗೆ ಹೊರಟರಂತೆ. ಅವಳೂ ಜೊತೆಗಿದ್ದಳು. ಎಂದಿನಂತೆ ಬಸ್ಸಿನ ಸುತ್ತ ಬಂದು ಚಕ್ರ ತಟ್ಟಿದರು. ಮೂರನೇ ಚಕ್ರದ ಹತ್ತಿರ ತಟ್ಟಿದ ಕೈ ಹಾಗೇ ನಿಂತಿತು. ಬಸ್ಸು ಹತ್ತಲಿಲ್ಲ. ಸೀದಾ ಮನೆಗೆ ವಾಪಸ್ ಬಂದು ಪೆನ್ಸಿಲ್ ಕೇಳಿದರು. ಬರೆದ ಮೇಲೆ ಹೊಟ್ಟೆ ತುಂಬ ಉಂಡು ಮಲಗಿದರಂತೆ.

ನನಗೊಂದು ಫೋನ್ ಮಾಡಬಾರದಿತ್ತೇ ಎಂದೆ. ಆಗಲೂ ಸ್ವಲ್ಪ ಸಿಟ್ಟು ಬಂದಿತ್ತು. ಅವಳು ನಕ್ಕಳು. "ನಾನೂ ಹೇಳ್ದೆ ಅಕ್ಕಾ. ಬ್ಯಾಡ, ಅವ್ಳು ಕಣ್ಣಿಂ‍ದ ನೋಡ್ಬೇಕು, ಫೋನಿನಾಗೆ ಸಹಿ ಹಾಕಾಕೆ ಬರಲ್ಲ ಅಂದ್ರು. ಮಂಡಿ ಸರಿಯಾದ್ಮೇಲೆ ನಾನೇ ತರ್ತೀನಿ ಅಂತಿದ್ರು."

ಹಾಳೆಯ ಕೆಳಗೆ ಎರಡು ಕಾಲಂ ಎಳೆದಿದ್ದರು. ಒಂದರಲ್ಲಿ ಆ ಸುರುಳಿ, ಎರಡು ಗೀಟು. ಇನ್ನೊಂದು ಖಾಲಿ, ಮೇಲೆ ಬರೆದಿತ್ತು, ಪರಿಶೀಲಿಸಿದವರು.

ನಾನು ಕೂಡಲೇ ಸಹಿ ಹಾಕಲಿಲ್ಲ. ಮಗಳಿಗೆ ಸ್ಟೂಲ್ ಹಾಕಿ ಕೂರಿಸಿ, ಚಹಾ ತರಿಸಿದೆ. ಮೊದಲ ಪುಟದಿಂದ ಶುರುಮಾಡಿ ಪುಸ್ತಕ ಪೂರ್ತಿ ತಿರುವಿದೆ. ನಾನು ಸೇರಿಸಿದ ಹಾಳೆಗಳನ್ನು ಎಣಿಸಿದೆ, ಎಲ್ಲ ಇದ್ದವು. ಜೋಸೆಫ್, ಗುರ್ಬಚನ್, ಸುಬ್ಬಯ್ಯ, ರಫೀಕ್, ಒಂದೊಂದೇ ಹೆಸರು ಬೆರಳಿಟ್ಟು ಓದಿದೆ. ಚಹಾ ಆರಿಹೋಯಿತು, ಮಗಳು ಬೇಸರ ಮಾಡಿಕೊಳ್ಳಲಿಲ್ಲ, ಅವಳೂ ಅವರ ಮಗಳೇ ತಾನೆ. ಕೊನೆಗೆ ದೇವಕೀನಂದನ್ ಹಾಳೆಗೆ ವಾಪಸ್ ಬಂದು, ಮಗಳು ಚೀಲದಲ್ಲಿ ತಂದಿದ್ದ ಅವರದೇ ಪೆನ್ಸಿಲ್ ಇಸಿದುಕೊಂಡು, ಖಾಲಿ ಕಾಲಂನಲ್ಲಿ ನನ್ನ ಪೂರ್ತಿ ಹೆಸರು ಬರೆದೆ. ನೋಡಿಯೇ ಬರೆದೆ.